ಆರನೇ ತಿಂಗಳಿಗೆ ಕೈಗೆ ಸಿಗದವರು: ಮಾದಕ ವಸ್ತು ಬಳಸುವ ಹಳ್ಳಿಗರನ್ನು ಅಧ್ಯಯನದಲ್ಲಿ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಾನು ದಾವಣಗೆರೆಯವಳು. ಅಮೆರಿಕದ ಕೆಂಟಕಿಯಲ್ಲಿ ಸಾರ್ವಜನಿಕ ಆರೋಗ್ಯ ಓದುತ್ತಿದ್ದೇನೆ. ರಾಜ್ಯದ ಪೂರ್ವದ ಗುಡ್ಡಗಾಡಿನ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥ ಆಡಳಿತ ವಿಭಾಗಗಳು) ಮಾದಕ ವಸ್ತು ಚುಚ್ಚಿಕೊಳ್ಳುವವರ ಬಗ್ಗೆ ನಡೆಯುತ್ತಿರುವ ಅಧ್ಯಯನವೊಂದಕ್ಕೆ ಸಂಯೋಜಕಿಯಾಗಿ ಸೇರಿದ್ದೇನೆ. ಮೊದಲ ಸಂದರ್ಶನಕ್ಕೆ ಜನ ಸುಲಭವಾಗಿ ಬರುತ್ತಾರೆ. ಆರು ತಿಂಗಳ ನಂತರ ಕರೆ ಮಾಡಿದರೆ ಎಷ್ಟೋ ಸಂಖ್ಯೆಗಳು ಚಾಲ್ತಿಯಲ್ಲಿಯೇ ಇರುವುದಿಲ್ಲ. 'ಇಂಥವರು ನಿಲ್ಲುವುದಿಲ್ಲ, ಬಿಡಿ' ಎನ್ನುತ್ತಾರೆ ಕೆಲವು ಹಿರಿಯರು. ನಿಜವೇ? ಮುಂದೆ ಊರಿಗೆ ಮರಳಿ ಇಂಥದೇ ಕೆಲಸ ಮಾಡುವ ಆಸೆಯಿದೆ. ಅಲ್ಲಿ ಇದೆಲ್ಲ ನಡೆದೀತೇ?

ಉತ್ತರ: ನಿಜವಲ್ಲ. ಆ ಮಾತು ಸುಳ್ಳೆಂದು ತೋರಿಸಿದ ಜಾಗ ನಿಮ್ಮ ಪೂರ್ವ ಕೆಂಟಕಿಯಲ್ಲಿಯೇ ಇದೆ. ಪೆರ್ರಿ ಕೌಂಟಿಯ ಹೆಜಾರ್ಡ್ ಪಟ್ಟಣದ ಸುತ್ತ 2008ರಲ್ಲಿ ಆರಂಭವಾದ, ಅಪಲಾಚಿಯಾ ಎಂಬ ಆ ಗುಡ್ಡಗಾಡು ಪ್ರದೇಶದ ಜನರ ಸಾಮಾಜಿಕ ಜಾಲಗಳ ಕುರಿತ ಅಧ್ಯಯನಕ್ಕೆ 503 ಮಂದಿ ಸೇರಿದ್ದರು. ಎಲ್ಲರೂ ಮಾದಕ ವಸ್ತು ಬಳಸುತ್ತಿದ್ದವರೇ. ಆರು ತಿಂಗಳಿಗೊಮ್ಮೆ ಅವರನ್ನು ಮತ್ತೆ ಕಂಡು ಮಾತನಾಡಿಸುವ ಕೆಲಸ ವರ್ಷಗಟ್ಟಲೆ ನಡೆಯಿತು. ಯಾರು ಯಾರೊಂದಿಗೆ ಸೂಜಿ ಹಂಚಿಕೊಳ್ಳುತ್ತಾರೆ, ಯಕೃತ್ತಿಗೆ ತಗುಲುವ ಹೆಪಟೈಟಿಸ್ ಸಿ ಸೋಂಕು ಹಳ್ಳಿಯ ಸ್ನೇಹ ಸಂಬಂಧಗಳ ಮೂಲಕ ಹೇಗೆ ಹರಡುತ್ತದೆ ಎಂಬ ಬಗ್ಗೆ ಇಂದು ತಿಳಿದಿರುವುದರಲ್ಲಿ ದೊಡ್ಡ ಪಾಲು, ಆ ಜನ ಮತ್ತೆ ಮತ್ತೆ ಬಂದು ಕುಳಿತು ಹೇಳಿದ್ದರಿಂದ ಬಂದದ್ದು. ಅವರು ನಿಲ್ಲದ ಜನರಾಗಿದ್ದರೆ ಆ ತಿಳಿವಳಿಕೆಯೇ ಇರುತ್ತಿರಲಿಲ್ಲ.

ನಿಮ್ಮ ಹಿರಿಯರ ಮಾತಿನಲ್ಲಿರುವ ತೊಂದರೆ ಏನೆಂದರೆ ಅದು ಹೊಣೆಯನ್ನು ತಪ್ಪು ಹೆಗಲಿಗೆ ಹೊರಿಸುತ್ತದೆ. ಒಂದೇ ಫೋನ್ ಸಂಖ್ಯೆ, ಒಂದೇ ವಿಳಾಸ, ಸ್ವಂತ ಕಾರು, ಚಾಲನಾ ಪರವಾನಗಿ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರ ದಿನಚರಿ, ಇಷ್ಟೂ ಇರುವ ಮನುಷ್ಯನನ್ನು ಮನಸ್ಸಿನಲ್ಲಿಟ್ಟುಕೊಂಡು ಅಧ್ಯಯನವನ್ನು ರೂಪಿಸಿರುತ್ತಾರೆ. ಇವುಗಳಲ್ಲಿ ಒಂದೂ ಇಲ್ಲದವನು ಬಾರದಿದ್ದಾಗ ಅವನ ಹೆಸರಿನ ಮುಂದೆ 'ಸಂಪರ್ಕ ತಪ್ಪಿದೆ' ಎಂದು ಬರೆಯುತ್ತಾರೆ. ಸಂಪರ್ಕ ಕಡಿದುಹೋಗುವಂತೆ ಏರ್ಪಾಡು ಮಾಡಿದವರು ನಾವೇ. ಉಳಿಸಿಕೊಳ್ಳುವ ಕೆಲಸ ಆರನೇ ತಿಂಗಳಲ್ಲಿ ಶುರುವಾಗುವುದಲ್ಲ. ಮೊದಲ ದಿನ, ಒಪ್ಪಿಗೆ ಪತ್ರ ಓದಿ ಹೇಳುವ ಹೊತ್ತಿಗೇ ಶುರುವಾಗಬೇಕು.

ಇದನ್ನು ಮಾನವೀಯತೆಯ ಮಾತೆಂದು ಯಾರಾದರೂ ಬದಿಗಿಟ್ಟರೆ ಅವರ ಮುಂದೆ ಲೆಕ್ಕ ಇಡಿ. ನೂರು ಜನ ಸೇರಿದರು ಎಂದುಕೊಳ್ಳಿ. ಮರಳಿ ಬಂದವರು ಅರವತ್ತು. ಅವರಲ್ಲಿ ಮೂವತ್ತು ಮಂದಿ ಚುಚ್ಚಿಕೊಳ್ಳುವುದನ್ನು ನಿಲ್ಲಿಸಿದ್ದರೆ 'ಅರ್ಧದಷ್ಟು ಜನಕ್ಕೆ ಗುಣ ಕಂಡಿದೆ' ಎಂದು ಬರೆಯುವ ಆಸೆ ಹುಟ್ಟುತ್ತದೆ. ಬಾರದ ನಲವತ್ತರಲ್ಲಿ ಒಬ್ಬರೂ ನಿಲ್ಲಿಸಿರದಿದ್ದರೆ ನಿಜವಾದ ಪ್ರಮಾಣ ನೂರಕ್ಕೆ ಮೂವತ್ತು. ಬಾರದವರು ಯಾರೆಂಬುದು ಎಂದೂ ಆಕಸ್ಮಿಕವಲ್ಲ: ಜೈಲಿಗೆ ಹೋದವರು, ಮನೆಯಿಂದ ಹೊರಬಿದ್ದವರು, ಮಿತಿಮೀರಿದ ಡೋಸಿನಿಂದ ಸತ್ತವರು, ಹೊಡೆಯುವ ಗಂಡನಿಂದ ಓಡಿಹೋದವರು. ಇನ್ನೊಂದು ತುದಿಯಲ್ಲಿ ಚಿಕಿತ್ಸಾ ಕೇಂದ್ರಕ್ಕೆ ಸೇರಿ ಊರು ಬಿಟ್ಟವರು, ದೂರದಲ್ಲಿ ಕೆಲಸ ಸಿಕ್ಕವರೂ ಇರುತ್ತಾರೆ. ನಡುವಿನ, ಹೆಚ್ಚು ಬದಲಾಗದ ಬದುಕು ಮಾತ್ರ ನಿಮ್ಮ ಕೋಷ್ಟಕಕ್ಕೆ ಸಿಗುತ್ತದೆ. ಯಾವ ಸಂಖ್ಯಾಶಾಸ್ತ್ರದ ತಿದ್ದುಪಡಿಯೂ ಇದನ್ನು ಪೂರ್ತಿ ಸರಿಮಾಡಲಾರದು.

ಹಳ್ಳಿಗಾಡಿನ ವಿಷಯದಲ್ಲಿ ಇದು ಏಕೆ ಇಷ್ಟು ಗಂಭೀರ ಎಂಬುದಕ್ಕೆ ನಿಮ್ಮ ನೆರೆಯ ಇಂಡಿಯಾನಾ ರಾಜ್ಯದ ಸ್ಕಾಟ್ ಕೌಂಟಿಯನ್ನು ನೋಡಿ. ಅಲ್ಲಿನ ಆಸ್ಟಿನ್ ಸುಮಾರು 4,200 ಜನರಿರುವ ಊರು. ಆಕ್ಸಿಮಾರ್ಫೋನ್ ಎಂಬ ನೋವುನಿವಾರಕ ಮಾತ್ರೆಯನ್ನು ಕರಗಿಸಿ ಚುಚ್ಚಿಕೊಳ್ಳುತ್ತಿದ್ದವರಲ್ಲಿ 2014ರ ಕೊನೆಯಿಂದ ಎಚ್‌ಐವಿ ಕಾಣಿಸಿಕೊಂಡು, 2015ರ ನವೆಂಬರ್ ವೇಳೆಗೆ 181 ಮಂದಿಗೆ ತಗುಲಿತ್ತು. ಆ ಮುಂಚೆ ಇಡೀ ಕೌಂಟಿಯಲ್ಲಿ ವರ್ಷಕ್ಕೆ ಐದು ಪ್ರಕರಣಗಳೂ ಇರುತ್ತಿರಲಿಲ್ಲ. ಬಳಸಿದ ಸಿರಿಂಜ್ ಪಡೆದು ಹೊಸದು ಕೊಡುವ ಸಿರಿಂಜ್ ವಿನಿಮಯಕ್ಕೆ ರಾಜ್ಯದ ಕಾನೂನೇ ಅಡ್ಡವಿತ್ತು. 2015ರ ಮಾರ್ಚ್‌ನಲ್ಲಿ ಅಂದಿನ ರಾಜ್ಯಪಾಲ ಮೈಕ್ ಪೆನ್ಸ್ ತುರ್ತು ಪರಿಸ್ಥಿತಿ ಘೋಷಿಸಿದ ಮೇಲೆ ದಾರಿ ತೆರೆಯಿತು. ಮುಂದಿನ ವರ್ಷ ಅಮೆರಿಕದ ರೋಗ ನಿಯಂತ್ರಣ ಕೇಂದ್ರ (ಸಿಡಿಸಿ) ಇಂಥ ಅಪಾಯ ಎದುರಿಸುತ್ತಿರುವ 220 ಕೌಂಟಿಗಳನ್ನು ಗುರುತಿಸಿತು. ಅವುಗಳಲ್ಲಿ 54 ಕೆಂಟಕಿಯವು. ಅದರ ಬೆನ್ನಿಗೇ ಗ್ರಾಮೀಣ ಓಪಿಯಾಯ್ಡ್ ಉಪಕ್ರಮ (ಓಪಿಯಾಯ್ಡ್ ಎಂದರೆ ಹೆರಾಯಿನ್, ಆಕ್ಸಿಮಾರ್ಫೋನ್‌ನಂಥ ಅಫೀಮು ವರ್ಗದ ವಸ್ತುಗಳು) ಎಂಬ ಹೆಸರಿನಲ್ಲಿ ಹತ್ತು ರಾಜ್ಯಗಳ ಎಂಟು ಅಧ್ಯಯನಗಳು ಒಟ್ಟಾಗಿ, 2018ರ ಆರಂಭದಿಂದ 2020ರ ಮಾರ್ಚ್‌ವರೆಗೆ ಮೂರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಸಂದರ್ಶಿಸಿದವು. ಅವರನ್ನು ಸೇರಿಸಿದ್ದು, ಒಬ್ಬರು ತಮ್ಮ ಪರಿಚಯದವರಿಗೆ ಕೂಪನ್ ಕೊಟ್ಟು ಕರೆತರುವ ವಿಧಾನದಿಂದ. ಸಮಾಜಶಾಸ್ತ್ರಜ್ಞ ಡಗ್ಲಸ್ ಹೆಕಥಾರ್ನ್ 1997ರಲ್ಲಿ ಅದನ್ನು ರೂಪಿಸಿ ಪ್ರಕಟಿಸಿದ್ದರು.

ಈ ಕೂಪನ್ ವಿಧಾನದಿಂದ ಜನ ಬೇಗ ಸೇರುತ್ತಾರೆ. ನಿಮ್ಮಲ್ಲೂ ಮೊದಲ ದಿನದ ಸಾಲು ಉದ್ದವಾಗಿರುವುದು ಬಹುಶಃ ಅದರಿಂದಲೇ. ಆದರೆ ಯಾವ ಜಾಲ ಅವರನ್ನು ಒಳಗೆ ಕರೆತಂದಿತೋ ಅದೇ ಜಾಲ ನಿಮ್ಮ ನಡವಳಿಕೆಯ ಸುದ್ದಿಯನ್ನೂ ಹೊತ್ತು ಸಾಗುತ್ತದೆ. ಕಚೇರಿಯಲ್ಲಿ ಒಬ್ಬರನ್ನು ಮೂರು ಗಂಟೆ ಕಾಯಿಸಿದರೆ, ಒಬ್ಬಳ ಎದುರು ಮುಖ ಸಿಂಡರಿಸಿದರೆ, ಮರುದಿನ ಸಂಜೆಯೊಳಗೆ ಕಣಿವೆಯ ಆಚೆ ತುದಿಗೂ ಗೊತ್ತಾಗಿರುತ್ತದೆ. ನಗರದಲ್ಲಿ ಒಬ್ಬರಿಗೆ ಬೇಸರವಾದರೆ ಒಬ್ಬರು ಹೋಗುತ್ತಾರೆ. ಹಳ್ಳಿಯಲ್ಲಿ ಒಂದು ಕೂಪನ್ನಿನ ಸರಪಳಿಯೇ ಹೋಗುತ್ತದೆ.

ಆ ಜನಕ್ಕೆ ಹೊರಗಿನವರ ಮೇಲೆ ನಂಬಿಕೆ ಕಡಿಮೆ. ಅದಕ್ಕೆ ಕಾರಣವೂ ಇದೆ. ಕಲ್ಲಿದ್ದಲು ತೆಗೆದವರು ಬಂದರು, ತೆಗೆದರು, ಹೋದರು. ಗಣಿಯಲ್ಲಿ ಬೆನ್ನು ಮುರಿದುಕೊಂಡವರಿಗೆ 1996ರಿಂದ ಆಕ್ಸಿಕಾಂಟಿನ್ ಎಂಬ ಮಾತ್ರೆ ಧಾರಾಳವಾಗಿ ಸಿಕ್ಕಿತು. ಅದು ಚಟ ಹತ್ತಿಸುವುದು ಕಡಿಮೆ ಎಂದು ಜನರನ್ನು ದಾರಿ ತಪ್ಪಿಸಿದ್ದಾಗಿ ಅದರ ತಯಾರಕ ಕಂಪನಿ 2007ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಅನಂತರ ಕ್ಯಾಮೆರಾ ಹಿಡಿದವರು ಬಂದು ಹರಿದ ಸೋಫಾ, ಹಲ್ಲಿಲ್ಲದ ಬಾಯಿಗಳನ್ನು ಚಿತ್ರಿಸಿಕೊಂಡು ಹೋದರು. ಈಗ ಪ್ರಶ್ನಾವಳಿ ಹಿಡಿದು ನೀವು ಹೋಗಿದ್ದೀರಿ. ನಿಮ್ಮನ್ನೂ ಅದೇ ಸಾಲಿನಲ್ಲಿ ನಿಲ್ಲಿಸುತ್ತಾರೆ. ಅದನ್ನು ಒರಟುತನ ಎಂದುಕೊಳ್ಳಬೇಡಿ.

ಇನ್ನು ಭಯದ ವಿಷಯ. ಪೊಲೀಸರ ಭಯಕ್ಕಿಂತ ದೊಡ್ಡದು ಮಕ್ಕಳನ್ನು ಕಿತ್ತುಕೊಂಡು ಹೋಗುತ್ತಾರೆಂಬ ಭಯ, ಅದರಲ್ಲೂ ತಾಯಂದಿರಿಗೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ (ಎನ್‌ಐಎಚ್) ಹಣದಲ್ಲಿ ನಡೆಯುವ ಇಂಥ ಅಧ್ಯಯನಗಳಿಗೆ 2017ರ ಅಕ್ಟೋಬರ್‌ನಿಂದ ಗೋಪ್ಯತಾ ಪ್ರಮಾಣಪತ್ರ ತಾನಾಗಿಯೇ ಅನ್ವಯಿಸುತ್ತದೆ. ಪಾಲ್ಗೊಂಡವರ ಗುರುತನ್ನು ನ್ಯಾಯಾಲಯ ಕೇಳಿದರೂ ಕೊಡದಿರುವ ರಕ್ಷಣೆ ಅದರಲ್ಲಿದೆ. ಆದರೆ ಮಕ್ಕಳ ಮೇಲಿನ ದೌರ್ಜನ್ಯ ಅಥವಾ ನಿರ್ಲಕ್ಷ್ಯದ ವರದಿ ಬೇರೆ ಮಾತು. ಕೆಂಟಕಿಯ ಕಾನೂನಿನಲ್ಲಿ ಅದನ್ನು ವರದಿ ಮಾಡುವ ಹೊಣೆ ಪ್ರತಿಯೊಬ್ಬ ವಯಸ್ಕನ ಮೇಲೂ ಇದೆ. ಈ ಎರಡನ್ನೂ ಮೊದಲ ದಿನವೇ, ಓದಲು ಬಾರದವರಿಗೂ ತಿಳಿಯುವ ಮಾತಿನಲ್ಲಿ ಹೇಳಬೇಕು: ಏನನ್ನು ಬಚ್ಚಿಡುತ್ತೇವೆ, ಏನನ್ನು ಬಚ್ಚಿಡಲಾರೆವು. 'ಎಲ್ಲವೂ ಗೋಪ್ಯ' ಎಂದು ಸಲೀಸಾಗಿ ಭರವಸೆ ಕೊಟ್ಟು ಮುಂದೆ ಒಂದು ಕುಟುಂಬದ ವಿಷಯದಲ್ಲಿ ವರದಿ ಮಾಡಬೇಕಾಗಿ ಬಂದರೆ, ಆ ಕೌಂಟಿಯಲ್ಲಿ ನಿಮ್ಮ ಅಧ್ಯಯನ ಅಂದಿಗೆ ಮುಗಿದಂತೆ. ಮುಗಿಯಬೇಕಾದದ್ದೂ ನ್ಯಾಯವೇ.

ಈಗ ನಿಮ್ಮ ಕೈಯಲ್ಲಿರುವ ಒಂದು ಕಾಗದದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಆರನೇ ತಿಂಗಳ ಭವಿಷ್ಯ ನಿರ್ಧಾರವಾಗುವುದು ಅಲ್ಲಿ. ಅದು ಸಂಪರ್ಕ ವಿವರದ ನಮೂನೆ. ಹೆಚ್ಚಿನ ಕಡೆ ಅದನ್ನು ಸಂದರ್ಶನದ ಕೊನೆಗೆ, ಎರಡು ಗಂಟೆ ಪ್ರಶ್ನೆಗಳಿಗೆ ಉತ್ತರಿಸಿ ಸೋತವರ ಮುಂದೆ ಇಟ್ಟು ಎರಡು ನಿಮಿಷದಲ್ಲಿ ತುಂಬಿಸುತ್ತಾರೆ. ಹೆಸರು, ಫೋನ್, ವಿಳಾಸ, ಮುಗಿಯಿತು. ಅದನ್ನು ಮೊದಲಿಗೆ ತನ್ನಿ. ಇಪ್ಪತ್ತು ನಿಮಿಷ ಕೊಡಿ. ದಾಖಲೆಯ ಹೆಸರಲ್ಲದೆ ಜನ ಕರೆಯುವ ಅಡ್ಡಹೆಸರು ಕೇಳಿ. ಗುಡ್ಡದ ಕಣಿವೆಗಳಲ್ಲಿ ಒಂದೇ ಮನೆತನದ ಹೆಸರಿನವರು ಹತ್ತಾರು ಜನ ಇರುತ್ತಾರೆ, ದಾಖಲೆಯ ಹೆಸರು ಹೇಳಿದರೆ ಸ್ವಂತ ದೊಡ್ಡಮ್ಮನಿಗೂ ಗುರುತು ಹತ್ತದಿರಬಹುದು. ಮಲಗುವುದು ಎಲ್ಲಿ ಎಂದು ಕೇಳಿ. ವಿಳಾಸ ಕೇಳುವುದಕ್ಕಿಂತ ಅದು ಉತ್ತಮ. ಇಂದು ರಾತ್ರಿ ಎಲ್ಲಿ, ಇಲ್ಲಿ ಆಗದಿದ್ದರೆ ಯಾರ ಮನೆ, ಚಳಿಗಾಲದಲ್ಲಿ ಎಲ್ಲಿಗೆ ಹೋಗುತ್ತೀರಿ. ನೀವು ಎಲ್ಲಿದ್ದರೂ ಯಾರಿಗೆ ಗೊತ್ತಿರುತ್ತದೆ ಎಂದು ಕೇಳಿ. ಬಹುಪಾಲು ಅದು ತಾಯಿ ಅಥವಾ ಅಜ್ಜಿ. ಮಗನ ಮೇಲೆ ಎಷ್ಟೇ ಸಿಟ್ಟಿದ್ದರೂ ಅವನು ಬದುಕಿದ್ದಾನೆಯೇ ಎಂಬುದು ಅವರಿಗೆ ತಿಳಿದಿರುತ್ತದೆ.

ಅಂಥ ಮೂರು ಹೆಸರುಗಳನ್ನಾದರೂ ಪಡೆಯಿರಿ. ಒಂದೊಂದು ಹೆಸರಿನ ಎದುರೂ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಇವರಿಗೆ ಏನು ಹೇಳಬಹುದು? ಅಜ್ಜಿಗೆ ಮೊಮ್ಮಗಳ ಚಟದ ವಿಷಯ ಗೊತ್ತಿಲ್ಲದಿರಬಹುದು. ಗೆಳೆಯನಿಗೆ ಆಕೆಯ ಎಚ್‌ಐವಿ ಪರೀಕ್ಷೆಯ ವಿಷಯ ಗೊತ್ತಿರಬಾರದು. ಮಾಜಿ ಗಂಡನಿಗೆ ಆಕೆ ಇರುವ ಜಾಗವೇ ಗೊತ್ತಾಗಬಾರದು. ಅವರು ಹೇಳಿದ ಮಾತನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ. ಆರು ತಿಂಗಳ ನಂತರ ಕರೆ ಮಾಡುವಾಗ ಆ ಹಾಳೆ ಎದುರಿಗಿರಲಿ. 'ನಮಸ್ಕಾರ, ಆರೋಗ್ಯ ಸಮೀಕ್ಷೆಯ ಕಚೇರಿಯಿಂದ ಕರೆ ಮಾಡುತ್ತಿದ್ದೇನೆ. ನಿಮ್ಮ ಮೊಮ್ಮಗಳು ಬೇಸಿಗೆಯಲ್ಲಿ ನಮ್ಮೊಂದಿಗೆ ಮಾತನಾಡಿದ್ದರು, ಎರಡನೆಯ ಭೇಟಿ ಬಾಕಿಯಿದೆ. ಈ ಸಂಖ್ಯೆಗೆ ಕರೆ ಮಾಡಲು ತಿಳಿಸುತ್ತೀರಾ?' ಇಷ್ಟೇ. ಅಧ್ಯಯನದ ಹೆಸರಿನಲ್ಲಿ, ಕಚೇರಿಯ ಫಲಕದಲ್ಲಿ, ನೆನಪಿನ ಚೀಟಿಯಲ್ಲಿ, ಫೋನಿನಲ್ಲಿ ಬಿಟ್ಟ ಧ್ವನಿ ಸಂದೇಶದಲ್ಲಿ ಎಲ್ಲಿಯೂ 'ಮಾದಕ', 'ಸೂಜಿ', 'ಎಚ್‌ಐವಿ' ಎಂಬ ಪದಗಳು ಸುಳಿಯಬಾರದು. ಇವೆಲ್ಲಕ್ಕೂ ಒಪ್ಪಿಗೆ ಪತ್ರದಲ್ಲಿಯೇ ಅನುಮತಿ ಪಡೆದಿರಬೇಕು. ಸಂಪರ್ಕ ವಿವರಗಳನ್ನು ಸಂದರ್ಶನದ ಉತ್ತರಗಳ ಜತೆ ಒಂದೇ ಕಡತದಲ್ಲಿ ಇಡಲೇಬಾರದು.

ಫೋನ್ ಸಂಖ್ಯೆಗಳು ಏಕೆ ಸಾಯುತ್ತವೆ ಎಂಬುದಕ್ಕೆ ಹಣದ ಲೆಕ್ಕವಿದೆ. ಹೆಚ್ಚಿನವರದು ಮುಂಗಡ ಹಣ ತುಂಬುವ ಫೋನ್. ಸರ್ಕಾರದ ಅಂಗವಿಕಲ ಭತ್ಯೆ ತಿಂಗಳ ಮೊದಲಲ್ಲಿ ಬರುತ್ತದೆ, ಆಗ ಫೋನ್ ಬದುಕುತ್ತದೆ. ಮೂರನೇ ವಾರಕ್ಕೆ ದುಡ್ಡೂ ಇಲ್ಲ, ಕರೆಯೂ ಇಲ್ಲ. ಇಪ್ಪತ್ತೈದನೇ ತಾರೀಖು ಕರೆ ಮಾಡಿ 'ಸಂಖ್ಯೆ ಚಾಲ್ತಿಯಲ್ಲಿಲ್ಲ' ಎಂದು ಬರೆದು ಕಡತ ಮುಚ್ಚುವವರು ಮುಂದಿನ ತಿಂಗಳ ಮೊದಲ ವಾರ ಇನ್ನೊಮ್ಮೆ ಒತ್ತಿ ನೋಡಲಿ. ಫೋನ್ ಬದಲಾದರೂ ಬದಲಾಗದೆ ಉಳಿಯುವುದು ಫೇಸ್‌ಬುಕ್ ಖಾತೆ. ಗ್ರಂಥಾಲಯದ ಅಥವಾ ಹೆದ್ದಾರಿ ಬದಿಯ ಹೋಟೆಲಿನ ವೈಫೈ ಸಿಕ್ಕಾಗ ಮೆಸೆಂಜರ್ ತೆರೆಯುತ್ತಾರೆ. ಅಧ್ಯಯನಕ್ಕೆಂದೇ ಒಂದು ಖಾತೆ ಇರಲಿ. ಅದರ ಸ್ನೇಹಿತರ ಪಟ್ಟಿ ಯಾರಿಗೂ ಕಾಣದಂತಿರಲಿ. ಸಂದೇಶ ಖಾಸಗಿಯಾಗಿ ಮಾತ್ರ ಹೋಗಲಿ. ಯಾರದೇ ಗೋಡೆಯ ಮೇಲೆ ಒಂದು ಅಕ್ಷರ ಬರೆಯುವುದೂ ವಿಶ್ವಾಸದ್ರೋಹ.

ಆರು ತಿಂಗಳು ಮೌನವಾಗಿದ್ದು ಒಮ್ಮೆಲೇ ಎರಡು ಗಂಟೆ ಕೇಳುವುದೂ ಸರಿಯಲ್ಲ. ತಿಂಗಳಿಗೊಮ್ಮೆ ಒಂದು ಚಿಕ್ಕ ಮಾತು ಸಾಕು: ಸಂಖ್ಯೆ ಅದೇ ಇದೆಯೇ, ಮನೆ ಬದಲಾಯಿತೇ. ಬಂದು ವಿವರ ತಿದ್ದಿಸಿದವರಿಗೆ ಐದೋ ಹತ್ತೋ ಡಾಲರ್ ಕೊಡುವ ಅಧ್ಯಯನಗಳಿವೆ. ಆ ಖರ್ಚಿಗಿಂತ ಕಾಣೆಯಾದ ಒಬ್ಬರನ್ನು ಹುಡುಕುವ ಖರ್ಚು ಎಷ್ಟೋ ಹೆಚ್ಚು.

ಕಚೇರಿ ಎಲ್ಲಿದೆ ಎಂದು ನೀವು ಬರೆದಿಲ್ಲ. ನ್ಯಾಯಾಲಯದ ಎದುರಿಗಿದ್ದರೆ ಬದಲಾಯಿಸಲು ಹೇಳಿ. ನಾಲ್ಕು ಸಾವಿರ ಜನರ ಊರಿನಲ್ಲಿ ಯಾರ ಕಾರು ಎಲ್ಲಿ ನಿಂತಿದೆ ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ. ಬೇರೆ ಕೆಲಸಕ್ಕೂ ಜನ ಬರುವ ಕಟ್ಟಡ ಒಳ್ಳೆಯದು: ಅಂಗಡಿ ಸಾಲು, ಬಟ್ಟೆ ಒಗೆಯುವ ಯಂತ್ರಗಳ ಮಳಿಗೆಯ ಪಕ್ಕ, ಆಹಾರ ಹಂಚುವ ಚರ್ಚಿನ ಹಿಂಭಾಗ. ಅಲ್ಲಿಗೂ ಬರಲಾಗದವರ ಬಳಿಗೆ ನೀವೇ ಹೋಗಬೇಕು. ಸಾರ್ವಜನಿಕ ಬಸ್ಸು ಎಂಬುದು ಆ ಕಣಿವೆಗಳಲ್ಲಿ ಇಲ್ಲವೆಂದೇ ಹೇಳಬೇಕು, ಪರವಾನಗಿ ಕಳೆದುಕೊಂಡವರು ಬಹಳ, ಇನ್ನೊಬ್ಬರ ಕಾರಿಗೆ ಪೆಟ್ರೋಲಿನ ಹಣ ಕೊಟ್ಟು ಬರುವವರೇ ಹೆಚ್ಚು. ಆ ಪೆಟ್ರೋಲಿನ ಹಣವನ್ನು ಗೌರವಧನದೊಳಗೆ ಸೇರಿಸದೆ ಬೇರೆಯಾಗಿ ಕೊಡಿ. 2022ರ ಜುಲೈ ಪ್ರವಾಹದಲ್ಲಿ ಪೆರ್ರಿ, ನಾಟ್, ಬ್ರೆತಿಟ್ ಕೌಂಟಿಗಳಲ್ಲಿ ಮನೆ, ರಸ್ತೆ, ಸೇತುವೆಗಳೇ ಕೊಚ್ಚಿಹೋದವು. ಅಂಥ ಹೊತ್ತಿನಲ್ಲಿ 'ನಿಗದಿತ ದಿನದ ಹಿಂದೆ ಮುಂದೆ ಎರಡು ವಾರ' ಎಂಬ ನಿಯಮ ಹಿಡಿದು ಕೂರುವುದರಲ್ಲಿ ಅರ್ಥವಿಲ್ಲ. ಅವಧಿಯನ್ನು ಮೊದಲೇ ಧಾರಾಳವಾಗಿ ಬರೆದಿಡಬೇಕು.

ಮೇಜಿನ ಆಚೆ ಕುಳಿತವರು ಯಾರು ಎಂಬುದು ಇದೆಲ್ಲಕ್ಕಿಂತ ದೊಡ್ಡದು. ಅದೇ ಕೌಂಟಿಯಲ್ಲಿ ಹುಟ್ಟಿ ಬೆಳೆದ, ಆ ಮಾತಿನ ಧಾಟಿ ಬಲ್ಲ, ಸಾಧ್ಯವಾದರೆ ತಾವೇ ಒಂದು ಕಾಲದಲ್ಲಿ ಚಟದಲ್ಲಿದ್ದು ಹೊರಬಂದ ಸಿಬ್ಬಂದಿ ಇರಲಿ. ಆದರೆ ಊರಿನವರೇ ಆಗಿರುವುದು ಎರಡು ಕಡೆ ಹರಿತವಿರುವ ಕತ್ತಿ. ಸಂದರ್ಶಕಿ ತನ್ನ ಸೋದರತ್ತೆಯ ಮಗಳೆಂದು ತಿಳಿದೊಡನೆ ಬಾಗಿಲಿನಿಂದಲೇ ತಿರುಗಿ ಹೋಗುವವರಿದ್ದಾರೆ. ಆದ್ದರಿಂದ ಕನಿಷ್ಠ ಇಬ್ಬರು ಇರಬೇಕು, ಬೇರೆ ಬೇರೆ ಮನೆತನದವರು. ಯಾರೊಂದಿಗೆ ಮಾತನಾಡಲು ಇಷ್ಟ ಎಂದು ಮೊದಲೇ ಕೇಳಬೇಕು. ವರ್ಷ ತುಂಬುವ ಮೊದಲೇ ಸಿಬ್ಬಂದಿ ಬದಲಾಗುವ ಅಧ್ಯಯನದಲ್ಲಿ ಜನ ನಿಲ್ಲುವುದಿಲ್ಲ, ನಿಲ್ಲಬೇಕೆಂದು ಕೇಳುವ ಹಕ್ಕೂ ಅದಕ್ಕಿಲ್ಲ. ಅನುದಾನದ ಅರ್ಜಿಯಲ್ಲಿ ಸ್ಥಳೀಯ ಸಿಬ್ಬಂದಿಯ ಸಂಬಳವನ್ನೇ ಮೊದಲು ಕತ್ತರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೀವು ಹೊರಗಿನವರು ಎಂಬ ಬಗ್ಗೆ ಸಂಕೋಚ ಬೇಡ. ಯಾರ ಸಂಬಂಧಿಯೂ ಅಲ್ಲದ, ದೂರದ ಹುಡುಗಿಯೊಂದಿಗೆ ಮನಸ್ಸು ಬಿಚ್ಚಿ ಮಾತನಾಡುವವರೂ ಇರುತ್ತಾರೆ.

ಜೈಲಿನ ವಿಷಯವನ್ನು ಬಹುತೇಕ ಅಧ್ಯಯನಗಳು ತಡವಾಗಿ ಯೋಚಿಸುತ್ತವೆ. ಕಾಣೆಯಾದವರಲ್ಲಿ ಗಣನೀಯ ಸಂಖ್ಯೆಯವರು ಕೌಂಟಿ ಜೈಲಿನಲ್ಲಿರುತ್ತಾರೆ. ಅನೇಕ ಜೈಲುಗಳು ಒಳಗಿರುವವರ ಪಟ್ಟಿಯನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಕಾಣುವಂತೆ ಹಾಕುತ್ತವೆ. ಹೆಸರು ಅಲ್ಲಿ ಸಿಕ್ಕಿತೆಂದು ಹೋಗಿ ಸಂದರ್ಶನ ಮಾಡುವಂತಿಲ್ಲ. ಒಕ್ಕೂಟ ಸರ್ಕಾರದ ಸಂಶೋಧನಾ ನಿಯಮಗಳಲ್ಲಿ ಕೈದಿಗಳಿಗೆಂದೇ ಪ್ರತ್ಯೇಕ ಭಾಗವಿದೆ. ಸಂಶೋಧನೆಗೆ ಅನುಮತಿ ಕೊಡುವ ನೈತಿಕ ಸಮಿತಿಯಲ್ಲಿ ಕೈದಿ ಅಥವಾ ಕೈದಿಗಳ ಪ್ರತಿನಿಧಿ ಕುಳಿತು ಪರಿಶೀಲಿಸಿದ ಮೇಲೆಯೇ ಒಳಗೆ ಕೆಲಸ ಮಾಡಬಹುದು. ಪಾಲ್ಗೊಂಡವರು ನಡುವೆ ಬಂಧನಕ್ಕೊಳಗಾದರೆ ಏನು ಮಾಡುತ್ತೇವೆ ಎಂಬುದನ್ನು ಮೊದಲ ಅರ್ಜಿಯಲ್ಲಿಯೇ ಬರೆದು ಒಪ್ಪಿಗೆ ಪಡೆಯಬೇಕು. ಅದು ಇಲ್ಲದಿದ್ದರೆ ಬಿಡುಗಡೆಯ ದಿನಕ್ಕಾಗಿ ಕಾಯಿರಿ. ಬಿಡುಗಡೆಯ ನಂತರದ ಮೊದಲ ಎರಡು ವಾರ ಪ್ರಾಣಾಪಾಯದ ಕಾಲ. ಒಳಗೆ ದೇಹದ ಸಹಿಷ್ಣುತೆ ಇಳಿದಿರುತ್ತದೆ. ಹೊರಬಂದು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಅಂದು ನೀವು ಮಾಡುವ ಕರೆ ಅಧ್ಯಯನಕ್ಕಿಂತ ಮೊದಲು ಆ ಮನುಷ್ಯನಿಗಾಗಿ ಇರಲಿ.

ಹಣದ ಬಗ್ಗೆ ನಿಮಗೂ ಉಪದೇಶ ಕೇಳಿಸಿರಬಹುದು: ನಗದು ಕೊಟ್ಟರೆ ಅದನ್ನೇ ಚುಚ್ಚಿಕೊಳ್ಳುತ್ತಾರೆ, ಉಡುಗೊರೆ ಕಾರ್ಡ್ ಕೊಡಿ ಎಂದು. ಡೇವಿಡ್ ಫೆಸ್ಟಿಂಗರ್ ಮತ್ತು ಸಂಗಡಿಗರು ಇದನ್ನು ನೇರವಾಗಿ ಪರೀಕ್ಷೆಗೊಡ್ಡಿ 2005ರಲ್ಲಿ ಪ್ರಕಟಿಸಿದರು. ಚಿಕಿತ್ಸೆಯಲ್ಲಿದ್ದವರಿಗೆ 10, 40, 70 ಡಾಲರ್‌ಗಳನ್ನು ನಗದಾಗಿಯೋ ಕಾರ್ಡ್ ಆಗಿಯೋ ಕೊಟ್ಟು ನೋಡಿದರು. ಮೊತ್ತ ಹೆಚ್ಚಿದ್ದರಿಂದಾಗಲೀ ನಗದು ಕೊಟ್ಟಿದ್ದರಿಂದಾಗಲೀ ಮಾದಕ ವಸ್ತುವಿನ ಬಳಕೆ ಹೆಚ್ಚಾಗಲಿಲ್ಲ. ಹೆಚ್ಚಾದದ್ದು ಮರಳಿ ಬಂದವರ ಪ್ರಮಾಣ. ಉಡುಗೊರೆ ಕಾರ್ಡ್ ಬಳಸಬೇಕಾದರೆ ಆ ಅಂಗಡಿಗೆ ಹೋಗಲು ಕಾರು ಬೇಕು. ಅದನ್ನು ಅರ್ಧ ಬೆಲೆಗೆ ಇನ್ನೊಬ್ಬರಿಗೆ ಮಾರುತ್ತಾರೆ, ನಷ್ಟ ಬಡವರಿಗೇ. ನಗದು ಕೊಡಿ, ಮಾತು ಮುಗಿದ ಕೂಡಲೇ ಕೈಗೆ ಕೊಡಿ. ಮುಂದಿನ ಭೇಟಿಗಳಿಗೆ ಮೊತ್ತ ಸ್ವಲ್ಪ ಸ್ವಲ್ಪ ಏರಲಿ. ಆದರೆ ಇಡೀ ಮೊತ್ತವನ್ನು ಕೊನೆಗೆ ಕಟ್ಟಿಹಾಕುವುದು ಒತ್ತಾಯವಾಗುತ್ತದೆ, ಅದನ್ನು ಒಪ್ಪಬೇಡಿ.

ಹಣಕ್ಕಾಗಿ ಎರಡು ಸಲ ಬರುತ್ತಾರೆ. ಐದನೇ ಸಲ ಬರುವುದು ತಮಗೆ ಏನಾದರೂ ಸಿಕ್ಕಿದ್ದರೆ ಮಾತ್ರ. ಪ್ರತಿ ಭೇಟಿಯಲ್ಲೂ, ಓಪಿಯಾಯ್ಡ್ ಮಿತಿಮೀರಿ ಉಸಿರು ನಿಲ್ಲುತ್ತಿರುವವರನ್ನು ಉಳಿಸುವ ನಲಾಕ್ಸೋನ್ ಎಂಬ ಔಷಧದ ಮೂಗಿನ ಸಿಂಪಡಣೆ ಕೈಯಲ್ಲಿಟ್ಟು ಕಳಿಸಿ. 2023ರಿಂದ ಅದು ವೈದ್ಯರ ಚೀಟಿಯಿಲ್ಲದೆ ಸಿಗುತ್ತದೆ. ಪರೀಕ್ಷೆ ಮಾಡಿದರೆ ಫಲಿತಾಂಶ ತಿಳಿಸಿ, ಫಲಿತಾಂಶ ಕೆಟ್ಟದಿದ್ದರೆ ಔಷಧದವರೆಗೂ ಜತೆಗೆ ಹೋಗಿ. ಹೆಪಟೈಟಿಸ್ ಸಿ ಈಗ ಎಂಟರಿಂದ ಹನ್ನೆರಡು ವಾರಗಳ ಮಾತ್ರೆಯಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಜನಕ್ಕೆ ಪೂರ್ತಿ ಗುಣವಾಗುವ ಕಾಯಿಲೆ. 'ನಿನಗೆ ಸೋಂಕಿದೆ' ಎಂದು ವರ್ಷ ವರ್ಷ ಹೇಳಿ ಎಣಿಸುತ್ತಾ ಕೂರುವ ಅಧ್ಯಯನಕ್ಕೆ ಇಂದು ಸಮರ್ಥನೆಯಿಲ್ಲ. ಪೆರ್ರಿ ಕೌಂಟಿಯಲ್ಲೇ ಮುಂದೆ ಉಚಿತ ಹೆಪಟೈಟಿಸ್ ಸಿ ಚಿಕಿತ್ಸೆಯ ಅಧ್ಯಯನ ಬಂತು. ಒರೆಗಾನ್ ರಾಜ್ಯದ ಹಳ್ಳಿಗಾಡಿನಲ್ಲಿ 203 ಜನರ ಮೇಲೆ ನಡೆದ ಪ್ರಯೋಗ ಇನ್ನೂ ಸ್ಪಷ್ಟ. ಒಂದು ಗುಂಪಿಗೆ, ಚಟದಿಂದ ಹೊರಬಂದ ಸಹವರ್ತಿಯೊಬ್ಬರು ತಾವೇ ಫೋನ್ ಹಿಡಿದುಕೊಂಡು ಹೋಗಿ ವೈದ್ಯರೊಂದಿಗೆ ವಿಡಿಯೊ ಭೇಟಿ ಮಾಡಿಸಿದರು. ಇನ್ನೊಂದು ಗುಂಪಿಗೆ ಸ್ಥಳೀಯ ಆಸ್ಪತ್ರೆಗೆ ಹೋಗಲು ನೆರವಾದರು. ಮೊದಲ ಗುಂಪಿನಲ್ಲಿ ಬಹುತೇಕರು ಔಷಧ ಆರಂಭಿಸಿದರು, ಎರಡನೆಯದರಲ್ಲಿ ಕೆಲವೇ ಮಂದಿ. ಕಾಯಿಲೆ ಒಂದೇ, ಜನರೂ ಒಂದೇ ಬಗೆಯವರು. ಬದಲಾದದ್ದು ಯಾರು ಯಾರ ಬಾಗಿಲಿಗೆ ಹೋದರು ಎಂಬುದು.

ಹುಡುಕುವುದಕ್ಕೂ ಒಂದು ಮಿತಿಯಿದೆ. 'ಬೇಡ' ಎಂದವರು ಬೇಡ ಎಂದಿದ್ದಾರೆ, ಅಲ್ಲಿಗೆ ನಿಲ್ಲಿಸಿ. ಉತ್ತರ ಕೊಡದವರಿಗೆ ಎಷ್ಟು ಸಲ, ಯಾವ ದಾರಿಯಲ್ಲಿ ಪ್ರಯತ್ನಿಸುತ್ತೀರಿ ಎಂಬುದನ್ನು ಮೊದಲೇ ಬರೆದಿಡಿ. ಇಲ್ಲದಿದ್ದರೆ ಸಂಖ್ಯೆ ತುಂಬಿಸುವ ಒತ್ತಡದಲ್ಲಿ ಕಾಳಜಿ ಕಾಟವಾಗಿ ಬದಲಾಗುತ್ತದೆ. ಸತ್ತವರ ವಿಷಯವನ್ನೂ ಹೇಳಬೇಕು. 2022ರಲ್ಲಿ ಅಮೆರಿಕದಲ್ಲಿ ಮಿತಿಮೀರಿದ ಡೋಸಿನಿಂದ ಸತ್ತವರು ಒಂದು ಲಕ್ಷಕ್ಕೂ ಹೆಚ್ಚು. ಈಗ ಸಂಖ್ಯೆ ಇಳಿದಿದ್ದರೂ ನಿಮ್ಮ ಪಟ್ಟಿಯಲ್ಲಿ ಅಂಥ ಹೆಸರುಗಳು ಬರುತ್ತವೆ. ರಾಷ್ಟ್ರೀಯ ಮರಣ ಸೂಚಿಯೊಂದಿಗೆ ತಾಳೆ ನೋಡಲು ಅನುಮತಿ ಪಡೆದಿಡಿ. 'ಸಂಪರ್ಕ ತಪ್ಪಿದವರು' ಮತ್ತು 'ತೀರಿಕೊಂಡವರು' ಒಂದೇ ಸಾಲಿನಲ್ಲಿ ಇರಬಾರದು. ಸುದ್ದಿ ತಿಳಿದ ದಿನ ನಿಮ್ಮ ಸಿಬ್ಬಂದಿಗೆ, ಅವರೂ ಆ ಊರಿನವರೇ, ಕೆಲಸ ನಿಲ್ಲಿಸಿ ಕುಳಿತುಕೊಳ್ಳಲು ಬಿಡಿ.

ಊರಿಗೆ ಮರಳುವ ಪ್ರಶ್ನೆ. ದೆಹಲಿಯ ಏಮ್ಸ್ 2019ರಲ್ಲಿ ಹೊರತಂದ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ ಮಾದಕ ವಸ್ತು ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ. ಮಣಿಪುರ, ಪಂಜಾಬ್‌ಗಳಂಥ ರಾಜ್ಯಗಳಲ್ಲಿ ನಿಮ್ಮ ಈಗಿನ ಅನುಭವ ಹೆಚ್ಚು ನೇರವಾಗಿ ಹೊಂದುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ನೀವು ಮುಖ್ಯವಾಗಿ ಎದುರಿಸುವುದು ಮದ್ಯ. ಕಾನೂನಿನ ಭಯ ಇಲ್ಲಿ ಹೆಚ್ಚು: ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಬಳಕೆಯೂ ಶಿಕ್ಷಾರ್ಹ, ಹೆರಾಯಿನ್ ಆದರೆ ಒಂದು ವರ್ಷದವರೆಗೆ ಜೈಲು. ಅಮೆರಿಕದ ಗೋಪ್ಯತಾ ಪ್ರಮಾಣಪತ್ರದಂಥದ್ದು ಇಲ್ಲಿಲ್ಲ. ಎಚ್‌ಐವಿ ಮಟ್ಟಿಗೆ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಒಪ್ಪಿಗೆ ಮತ್ತು ಗೋಪ್ಯತೆಗೆ ರಕ್ಷಣೆ ಕೊಡುತ್ತದೆ. ಅದನ್ನು ಚೆನ್ನಾಗಿ ಓದಿಕೊಳ್ಳಿ. ಉಳಿದಂತೆ ಗುರುತು ಸಿಗುವ ಮಾಹಿತಿಯನ್ನು ಎಷ್ಟು ಕಡಿಮೆ ಸಂಗ್ರಹಿಸುತ್ತೀರೋ ಅಷ್ಟೇ ಅವರಿಗೆ ಕ್ಷೇಮ. ಆಧಾರ್ ಸಂಖ್ಯೆ ಕೇಳುವ ಅಗತ್ಯ ಯಾವ ಅಧ್ಯಯನಕ್ಕೂ ಇಲ್ಲ.

ಸಂಪರ್ಕದ ದಾರಿಗಳೂ ಬೇರೆ. ನಮ್ಮಲ್ಲಿ ಫೋನ್ ಮನೆಯವರೆಲ್ಲರದು. ಕರೆ ಎತ್ತುವುದು ಹೆಂಡತಿ, ಮಗ ಅಥವಾ ಅತ್ತೆ. ಕರೆ ಮಾಡಿದವರ ಹೆಸರು ತೋರಿಸುವ ಆ್ಯಪ್‌ಗಳಲ್ಲಿ ನಿಮ್ಮ ಸಂಖ್ಯೆ ಏನೆಂದು ಕಾಣಿಸುತ್ತದೆ ನೋಡಿಕೊಳ್ಳಿ, ಒಬ್ಬರು 'ಡ್ರಗ್ಸ್ ಸರ್ವೆ' ಎಂದು ಉಳಿಸಿಕೊಂಡರೆ ಅದು ಇನ್ನೊಂದು ಮನೆಯ ಪರದೆಯ ಮೇಲೆ ಬರಬಹುದು. ಆಶಾ ಕಾರ್ಯಕರ್ತೆಗೆ ಪ್ರತಿ ಮನೆಯೂ ಗೊತ್ತು, ಅದಕ್ಕಾಗಿಯೇ ಅವರ ಮೂಲಕ ಹೋಗುವ ಆಸೆಯಾಗುತ್ತದೆ. ನಾನಾದರೆ ಪಾಲ್ಗೊಂಡವರನ್ನು ಕೇಳದೆ ಹಾಗೆ ಮಾಡುವುದಿಲ್ಲ. ಅವರೂ ಅದೇ ಕೇರಿಯವರು, ನಾಳೆ ಮಗಳ ಸಂಬಂಧ ಕೂಡಿಸುವ ಮಾತು ಅದೇ ಕಟ್ಟೆಯ ಮೇಲೆ ನಡೆಯುತ್ತದೆ. ಕಲ್ಯಾಣ ಕರ್ನಾಟಕದ ಹಳ್ಳಿಗಳಿಂದ ಬೆಂಗಳೂರು, ಮುಂಬೈ, ಗೋವಾಗಳಿಗೆ ದುಡಿಯಲು ಹೋದವರು ಆರು ತಿಂಗಳ ಲೆಕ್ಕಕ್ಕೆ ಸಿಗುವುದಿಲ್ಲ. ಊರ ಜಾತ್ರೆಗೆ, ಯುಗಾದಿಗೆ, ದೀಪಾವಳಿಗೆ ಸಿಗುತ್ತಾರೆ. ಮರುಭೇಟಿಯ ಪಂಚಾಂಗವನ್ನು ಅದಕ್ಕೆ ಹೊಂದಿಸಿ ಬರೆಯಿರಿ.

ಇನ್ನು ಈಗಾಗಲೇ ಕೈತಪ್ಪಿದವರು. ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದು ಹೆಸರನ್ನೂ ಸ್ಥಳೀಯ ಸಹೋದ್ಯೋಗಿಯ ಜತೆ ಕುಳಿತು ನೋಡಿ. ಒಪ್ಪಿಗೆ ಪತ್ರದಲ್ಲಿ ಅನುಮತಿಯಿರುವ ಮಟ್ಟಿಗೆ ಜೈಲಿನ ಪಟ್ಟಿ, ಮರಣ ದಾಖಲೆ, ತಿಂಗಳ ಮೊದಲ ವಾರದ ಇನ್ನೊಂದು ಕರೆ, ಮೆಸೆಂಜರ್, ಅಜ್ಜಿಯ ಸಂಖ್ಯೆ, ಈ ಕ್ರಮದಲ್ಲಿ ಹೋಗಿ. ಯಾರಾದರೂ ಮರಳಿ ಬಂದರೆ 'ಏಕೆ ಬರಲಿಲ್ಲ' ಎಂದು ಕೇಳಬೇಡಿ. ಅವರು ಆ ಪ್ರಶ್ನೆಯನ್ನು ಪ್ರೊಬೇಷನ್ ಅಧಿಕಾರಿಯಿಂದಲೂ ಮನೆಯವರಿಂದಲೂ ಸಾಕಷ್ಟು ಕೇಳಿರುತ್ತಾರೆ. ಬಂದದ್ದಕ್ಕೆ ಸಂತೋಷವಾಯಿತೆಂದು ಹೇಳಿ, ಊಟವಾಯಿತೇ ಕೇಳಿ, ಸಂಪರ್ಕದ ಹಾಳೆಯನ್ನು ಹೊಸದಾಗಿ ಬರೆದುಕೊಳ್ಳಿ. ಒಂದು ಭೇಟಿ ತಪ್ಪಿದವರನ್ನು ಅಧ್ಯಯನದಿಂದ ಹೊರಗಿಡುವ ನಿಯಮ ನಿಮ್ಮಲ್ಲಿದೆಯೇ ಎಂದು ಪರಿಶೀಲಿಸಿ. ಇದ್ದರೆ ಅದನ್ನು ತೆಗೆಯಲು ಈ ತಿಂಗಳಲ್ಲೇ ನೈತಿಕ ಸಮಿತಿಗೆ ತಿದ್ದುಪಡಿಯ ಅರ್ಜಿ ಹಾಕಿಸಿ, ಆರನೇ ತಿಂಗಳು ಬಾರದವರಿಗೂ ಹನ್ನೆರಡನೇ ತಿಂಗಳ ಕರೆ ಹೋಗುವಂತೆ ಮಾಡಿ.